ಗೆರೆಯ ಹೊರಗಿನವರಿಗೂ ನಿಯಮ ಬೇಡವೇ?

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಶಾಲೆಯೊಂದರ ಮೈದಾನದಲ್ಲಿ ಹದಿನಾಲ್ಕು ವರ್ಷದೊಳಗಿನ ಬಾಲಕರ ಅಂತರಶಾಲಾ ಫುಟ್‌ಬಾಲ್ ಪಂದ್ಯ ನಡೆದಿತ್ತು. ಒಂದು ತಂಡದಲ್ಲಿ ನನ್ನ ಮಗನಿದ್ದ. ರೆಫರಿ ಇನ್ನೂ ಕಾಲೇಜು ಓದುತ್ತಿದ್ದ ಹುಡುಗ. ದ್ವಿತೀಯಾರ್ಧದಲ್ಲಿ ನಮ್ಮ ತಂಡದ ಗೋಲೊಂದನ್ನು ಆತ ಆಫ್‌ಸೈಡ್ ಎಂದು ನಿರಾಕರಿಸಿದ. ನಾನು ನಿಂತ ಜಾಗದಿಂದ ತೀರ್ಪು ಸರಿಯೋ ತಪ್ಪೋ ಹೇಳುವಂತಿರಲಿಲ್ಲ. ತಂಡದ ಕೋಚ್‌ಗೆ ಮಾತ್ರ ಅಂಥ ಸಂದೇಹವೇನೂ ಇರಲಿಲ್ಲ. ಗೆರೆ ದಾಟಿ ಒಳನುಗ್ಗಿದವರೇ, ‘ಏನಯ್ಯಾ, ಕಣ್ಣು ಕಾಣಲ್ವಾ? ಅವರ ಹತ್ರ ಎಷ್ಟು ತಗೊಂಡಿದೀಯ?’ ಎಂದು ಕೂಗಿದರು. ಪೋಷಕರಲ್ಲಿ ಕೆಲವರು ದನಿಗೂಡಿಸಿದರು. ಅವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ರೆಫರಿ ತಲೆ ತಗ್ಗಿಸಿ ಆಟ ಮುಂದುವರಿಸಿದ. ಕೋಚ್ ಪಂದ್ಯದುದ್ದಕ್ಕೂ ಗೆರೆಯ ಬದಿಯಲ್ಲಿ ಓಡಾಡುತ್ತ ಮೂದಲಿಸುತ್ತಲೇ ಇದ್ದರು. ಮನೆಗೆ ಮರಳುವಾಗ ನನ್ನ ಮಗ ಸಹಜವಾಗಿಯೇ ಹೇಳಿದ: ‘ಅಪ್ಪಾ, ಆ ರೆಫರಿ ದುಡ್ಡು ತಗೊಂಡಿದ್ದ.’ ಹದಿಮೂರರ ಬಾಲಕ ಅಂದಿನ ಪಂದ್ಯದಿಂದ ಕಲಿತದ್ದು ಅದನ್ನೇ. ಅವನಿಗೆ ಅದನ್ನು ಕಲಿಸಿದವರು ಗೆರೆಯ ಹೊರಗಿದ್ದ ನಾವು.

ಶಾಲಾ ಪಂದ್ಯಗಳಲ್ಲಿ ಆಟಗಾರರ ಶಿಸ್ತಿನ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ಗೆರೆಯ ಹೊರಗೆ ನಿಂತ ಹಿರಿಯರ ಶಿಸ್ತಿನ ಬಗ್ಗೆ ಮಾತು ಕಡಿಮೆ. ಅವರನ್ನು ಹದ್ದುಬಸ್ತಿನಲ್ಲಿಡುವ ಹೊಣೆ ರೆಫರಿಯದೇ ಎಂದು ಎಲ್ಲರೂ ಒಪ್ಪುತ್ತೇವೆ. ಆ ಹೊಣೆ ಹೊರಲು ಅವನಿಗೆ ಬೇಕಾದ ಬಲವನ್ನು ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ.

ನಿಯಮಗಳಿಗೆ ಕೊರತೆಯಿಲ್ಲ. ಕೋಚ್ ಗೆರೆಯ ಬಳಿ ಬಂದು ಸೂಚನೆ ಕೊಡುವುದು ಒಂದು ಕಾಲಕ್ಕೆ ನಿಷಿದ್ಧವೇ ಆಗಿತ್ತು. 1990ರ ದಶಕದಲ್ಲಿ ‘ಟೆಕ್ನಿಕಲ್ ಏರಿಯಾ’ ಎಂಬ ಜಾಗ ನಿಯಮಾವಳಿಯೊಳಗೆ ಬಂತು. ತಂಡದ ಆಸನಗಳ ಎರಡೂ ಬದಿಗೆ ಒಂದೊಂದು ಮೀಟರ್, ಮುಂದಕ್ಕೆ ಟಚ್‌ಲೈನಿಗೆ ಒಂದು ಮೀಟರ್ ದೂರದವರೆಗೆ, ಇಷ್ಟೇ ಅದರ ವಿಸ್ತಾರ. ಅಲ್ಲಿಂದ ಆಟದ ತಂತ್ರ ಕುರಿತ ಸೂಚನೆ ಕೊಡಲು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಅನುಮತಿ. ಕೋಚ್ ಆದವರು ಜವಾಬ್ದಾರಿಯಿಂದ ವರ್ತಿಸಬೇಕು ಎನ್ನುವುದು ಈ ಸೌಲಭ್ಯದ ಜತೆಗೇ ಬಂದ ಷರತ್ತು.

ಆದರೂ ಬಹುಕಾಲ ರೆಫರಿಯ ಕೈಯಲ್ಲಿದ್ದದ್ದು ಬಾಯಿಮಾತಿನ ಎಚ್ಚರಿಕೆ ಮತ್ತು ಹೊರಗೆ ಕಳಿಸುವ ಅಧಿಕಾರ ಮಾತ್ರ. ಹಳದಿ, ಕೆಂಪು ಕಾರ್ಡ್‌ಗಳು ಆಟಗಾರರಿಗಷ್ಟೇ ಮೀಸಲು. ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ 2019ರಲ್ಲಿ ಇದನ್ನು ಬದಲಿಸಿತು. ಆ ವರ್ಷದ ಜೂನ್‌ನಿಂದ ಕೋಚ್‌ಗೂ, ತಂಡದ ಇತರ ಅಧಿಕಾರಿಗಳಿಗೂ ಕಾರ್ಡ್ ತೋರಿಸಬಹುದು. ಬೆಂಚಿನಿಂದ ಬೈಗುಳ ಬಂದು, ಬೈದವರು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್ ಶಿಕ್ಷೆ ಅನುಭವಿಸಬೇಕು. ಮನೆಯ ಮಕ್ಕಳ ತಪ್ಪಿಗೆ ಯಜಮಾನನನ್ನು ಹೊಣೆ ಮಾಡುವ ನಮ್ಮ ಹಳೆಯ ನ್ಯಾಯದಂತಿದೆ ಇದು.

ಈ ನಿಯಮದಲ್ಲಿ ಮೆಚ್ಚಬೇಕಾದದ್ದು ಅದರ ಮೆಟ್ಟಿಲುಗಳು. ತೀರ್ಪಿನ ಬಗ್ಗೆ ಸಣ್ಣ ಅಸಮ್ಮತಿ, ಅಪರೂಪಕ್ಕೊಮ್ಮೆ ಜಾಗ ಬಿಟ್ಟು ಹೊರಬರುವುದು, ಇವುಗಳಿಗೆ ಎಚ್ಚರಿಕೆ ಸಾಕು. ಪದೇ ಪದೇ ಜಾಗ ಮೀರಿದರೆ, ನೀರಿನ ಬಾಟಲಿ ಎಸೆದರೆ, ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರೆ, ಎದುರಾಳಿಗೆ ಕಾರ್ಡ್ ಕೊಡಿ ಎಂದು ಎಡೆಬಿಡದೆ ಸನ್ನೆ ಮಾಡಿದರೆ ಹಳದಿ ಕಾರ್ಡ್. ನಿಂದನೆಯ ಭಾಷೆ ಬಳಸಿದರೆ, ಆಕ್ರಮಣಕಾರಿಯಾಗಿ ವರ್ತಿಸಿದರೆ, ರೆಫರಿಯನ್ನು ಎದುರಿಸಲೆಂದು ಮೈದಾನಕ್ಕೆ ನುಗ್ಗಿದರೆ, ಅಥವಾ ಎರಡನೆಯ ಹಳದಿ ಕಾರ್ಡ್ ಬಿದ್ದರೆ ಕೆಂಪು. ನಾನು ಕಂಡ ಪಂದ್ಯದಲ್ಲಿ ಕೋಚ್ ಒಂದೇ ನೆಗೆತಕ್ಕೆ ಮೂರನೆಯ ಮೆಟ್ಟಿಲು ಏರಿದ್ದರು. ರೆಫರಿ ಮೊದಲನೆಯದನ್ನೂ ಹತ್ತಲಿಲ್ಲ.

ಅನುಭವಿ ರೆಫರಿಗಳು ಹೇಳುವ ಪ್ರಕಾರ, ಕೋಚ್‌ಗಳನ್ನು ನಿಭಾಯಿಸುವ ಕೆಲಸ ಆರಂಭದ ಸೀಟಿಗಿಂತ ಮುಂಚೆಯೇ ಶುರುವಾಗುತ್ತದೆ. ಪಂದ್ಯಕ್ಕೆ ಮೊದಲು ಇಬ್ಬರು ಕೋಚ್‌ಗಳನ್ನೂ ಕಂಡು, ಕೈಕುಲುಕಿ, ನಿಲ್ಲುವ ಜಾಗ ಯಾವುದು, ಸಂದೇಹವಿದ್ದರೆ ಯಾವಾಗ ಕೇಳಬಹುದು ಎಂದು ಎರಡು ಮಾತಿನಲ್ಲಿ ತಿಳಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆಟದ ನಡುವೆ ಕೋಚ್ ರೇಗಿದರೆ, ಚೆಂಡು ಹೊರಹೋದಾಗ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಬೇಕು. ದೂರದಿಂದ ಕೂಗಿ ಗದರಿದರೆ ಮಕ್ಕಳ ಮುಂದೆ ಕೋಚ್‌ಗೆ ಮುಖಭಂಗ. ಮುಖ ಉಳಿಸಿಕೊಳ್ಳಲು ಅವರು ಇನ್ನಷ್ಟು ಕೂಗುತ್ತಾರೆ. ಪ್ರಶ್ನೆಗೆ ಚುಟುಕಾಗಿ ಉತ್ತರಿಸಬಹುದು, ಟೀಕೆಗೆ ಉತ್ತರ ಬೇಕಿಲ್ಲ, ವೈಯಕ್ತಿಕ ನಿಂದನೆಯನ್ನು ಮಾತ್ರ ಸಹಿಸಕೂಡದು. ಅಮೆರಿಕದ ಸಾಕರ್ ರೆಫರಿಗಳಿಗೆ ಇದನ್ನೇ ಮೂರು ಪದಗಳಲ್ಲಿ ಕಲಿಸುತ್ತಾರೆ: ಕೇಳಿಕೊಳ್ಳು, ಹೇಳು, ಹೊರಗೆ ಕಳಿಸು. ಮೊದಲು ವಿನಂತಿ, ಬಳಿಕ ಆಜ್ಞೆ, ಕೊನೆಗೆ ಕ್ರಮ. ಹಾಗೆ ಮಾಡಿದಾಗ ಹೊರಗೆ ಹೋದವರು ತಾವಾಗಿಯೇ ಹೋದಂತಾಗುತ್ತದೆ, ರೆಫರಿ ಹಟ ಸಾಧಿಸಿದಂತೆ ಕಾಣುವುದಿಲ್ಲ.

ಹೇಳುವುದು ಸುಲಭ. ದೊಡ್ಡ ಪಂದ್ಯಗಳಲ್ಲಿ ಬೆಂಚುಗಳನ್ನು ನೋಡಿಕೊಳ್ಳಲೆಂದೇ ನಾಲ್ಕನೆಯ ಅಧಿಕಾರಿ ಇರುತ್ತಾರೆ. ಶಾಲಾ ಪಂದ್ಯಗಳಲ್ಲಿ ಹಲವೊಮ್ಮೆ ಇಬ್ಬರು ಲೈನ್ಸ್‌ಮನ್‌ಗಳು ಸಿಗುವುದೇ ಪ್ರಯಾಸ. ಆತಿಥೇಯ ಶಾಲೆಯ ಮಕ್ಕಳೇ ಬಾವುಟ ಹಿಡಿದಿರುವುದನ್ನು ನಾನೇ ಕಂಡಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ, ವಯಸ್ಸಿನ ಅಡ್ಡಗೋಡೆ. ಇಪ್ಪತ್ತರ ಹುಡುಗ ಐವತ್ತರ ದೈಹಿಕ ಶಿಕ್ಷಕರಿಗೆ ಕಾರ್ಡ್ ತೋರಿಸುವುದೆಂದರೆ ಮೇಷ್ಟ್ರಿಗೆ ಎದುರು ನುಡಿದಂತೆ. ಅದೇ ಶಿಕ್ಷಕರು ನಾಳೆ ಮತ್ತೊಂದು ಟೂರ್ನಿಯ ಸಂಘಟಕರಾಗಿರಬಹುದು. ಯಾರನ್ನು ಕರೆಯಬೇಕೆಂದು ನಿರ್ಧರಿಸುವವರೂ ಅವರೇ ಆಗಿರಬಹುದು. ಇಂಥ ಕಡೆ ‘ನಿಯಮ ಹೀಗಿದೆ ಸರ್’ ಎನ್ನಲು ಕಿಸೆಯಲ್ಲಿ ಕಾರ್ಡ್ ಇದ್ದರೆ ಸಾಲದು, ಬೆನ್ನ ಹಿಂದೆ ಯಾರಾದರೂ ಇರಬೇಕು.

ಈ ಸಮಸ್ಯೆ ನಮ್ಮಲ್ಲಿ ಮಾತ್ರ ಎಂದೇನೂ ಅಲ್ಲ. ಅಮೆರಿಕದ ಪ್ರೌಢಶಾಲೆಗಳಲ್ಲಿ ಆಡುವ ಅವರದೇ ಬಗೆಯ ಫುಟ್‌ಬಾಲಿನಲ್ಲಿ ಕೋಚ್‌ಗಳು ಗೆರೆಯ ಪಕ್ಕದ ನಿರ್ಬಂಧಿತ ಪಟ್ಟಿಗೆ ಬಂದರೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ತಂಡಕ್ಕೆ 5 ಗಜದ ದಂಡ, ಮತ್ತೆ ಬಂದರೆ 15 ಗಜ. ಕೋಚ್‌ನ ಕೋಪಕ್ಕೆ ತಂಡ ಬೆಲೆ ತೆರುವುದರಿಂದ, ಮುಖ್ಯ ಕೋಚ್‌ನ ಅಂಗಿ ಹಿಡಿದು ಹಿಂದಕ್ಕೆ ಎಳೆಯಲೆಂದೇ ಒಬ್ಬ ಸಹಾಯಕನನ್ನು ನೇಮಿಸುವ ರೂಢಿಯೂ ಅಲ್ಲಿದೆ. ಇಷ್ಟಿದ್ದೂ, 2018-19ರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಮಂದಿ ಪ್ರೌಢಶಾಲಾ ಪಂದ್ಯಗಳ ಅಧಿಕಾರಿಗಳು ಆ ಕೆಲಸ ಬಿಟ್ಟರೆಂದು ಅಲ್ಲಿನ ರಾಷ್ಟ್ರೀಯ ಪ್ರೌಢಶಾಲಾ ಕ್ರೀಡಾ ಒಕ್ಕೂಟವೇ ಹೇಳಿದೆ. ಕೋವಿಡ್ ಒಂದು ಕಾರಣವಾದರೆ, ಕೋಚ್‌ಗಳ, ಪೋಷಕರ ದುರ್ವರ್ತನೆ ಇನ್ನೊಂದು.

ಇಂಗ್ಲೆಂಡಿನ ಫುಟ್‌ಬಾಲ್ ಸಂಘ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಆರಂಭಿಸಿ, ಕಿರಿಯರ ಪಂದ್ಯಗಳಲ್ಲಿ ಪ್ರೇಕ್ಷಕರನ್ನು ಗೆರೆಯಿಂದ ದೂರವಿಡುವ ತಡೆಪಟ್ಟಿ, ಕೋಚ್‌ಗಳಿಗೆ ನೀತಿಸಂಹಿತೆ ಮೊದಲಾದವನ್ನು ತಂದಿತು. ಹದಿನೈದು ವರ್ಷ ಕಳೆದ ಮೇಲೂ, 2023ರಲ್ಲಿ, ತಳಮಟ್ಟದ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ಮಾಡಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದದ್ದು ಇನ್ನೂ ಕ್ರೂರ. ಮಗ ಆಡುತ್ತಿದ್ದ ಪಂದ್ಯಕ್ಕೆ ಸ್ವಯಂಸೇವಕನಾಗಿ ಬಾವುಟ ಹಿಡಿದಿದ್ದ ತಂದೆಯೊಬ್ಬರನ್ನು ಎದುರು ತಂಡದ ಹುಡುಗರು ಹೊಡೆದರು. ಮರುದಿನ ಅವರು ತೀರಿಕೊಂಡರು. ಹದಿಹರೆಯದ ಹುಡುಗರ ಜತೆಗೆ ಒಬ್ಬ ಆಟಗಾರನ ತಂದೆಗೂ ಶಿಕ್ಷೆಯಾಯಿತು. ನಮ್ಮ ಮೈದಾನಗಳು ಅಲ್ಲಿಗೆ ಮುಟ್ಟಿವೆ ಎಂದು ನಾನು ಹೇಳುತ್ತಿಲ್ಲ. ರೆಫರಿಯನ್ನು ಮನುಷ್ಯನೆಂದು ಕಾಣದ ಅಭ್ಯಾಸ ಬೆಳೆದರೆ ದಾರಿ ಎತ್ತ ಹೋಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಕೋಚ್‌ಗಳ ಕಡೆಯ ಮಾತನ್ನೂ ಕೇಳಬೇಕು. ಶಾಲಾ ಪಂದ್ಯಗಳ ತೀರ್ಪುಗಾರಿಕೆ ಎಷ್ಟೋ ಸಲ ನಿಜಕ್ಕೂ ಕಳಪೆ. ತರಬೇತಿ ಇಲ್ಲದವರ ಕೈಗೆ ಸೀಟಿ ಕೊಡುವುದುಂಟು. ಅಪಾಯಕಾರಿ ಟ್ಯಾಕಲ್‌ಗೆ ಫೌಲ್ ಕೊಡದಿದ್ದರೆ, ತನ್ನ ಹುಡುಗರ ಕಾಲು ಮುರಿದೀತೆಂದು ಕೂಗುವ ಕೋಚ್‌ನ ಆತಂಕ ಸುಳ್ಳಲ್ಲ. ಅವರ ಮೇಲಿನ ಒತ್ತಡವೂ ಸಣ್ಣದಲ್ಲ. ಗುತ್ತಿಗೆಯ ಮೇಲೆ ದುಡಿಯುವ ಕೋಚ್‌ಗೆ ಪ್ರಶಸ್ತಿಯೆಂದರೆ ಮುಂದಿನ ವರ್ಷದ ಅನ್ನ. ಟ್ರೋಫಿಯ ಫೋಟೊ ಪ್ರವೇಶಾತಿಯ ಜಾಹೀರಾತಿಗೆ ಬೇಕೆನ್ನುವ ಆಡಳಿತ ಮಂಡಳಿ, ಶುಲ್ಕ ತೆತ್ತ ಮೇಲೆ ಗೆಲುವು ತಮ್ಮ ಹಕ್ಕೆಂದು ಭಾವಿಸುವ ನಮ್ಮಂಥ ಪೋಷಕರು ಅವರ ಬೆನ್ನಿಗೆ ನಿಂತಿರುತ್ತೇವೆ. ಕೂಗಿದ ಬಾಯಿ ಕೋಚ್‌ನದಾದರೂ ಅದರ ಹಿಂದೆ ನಮ್ಮ ದನಿಯೂ ಇರುತ್ತದೆ.

ಆದರೆ ಇದೆಲ್ಲ ತೀರ್ಪುಗಾರಿಕೆಯನ್ನು ಸುಧಾರಿಸಬೇಕೆಂಬುದಕ್ಕೆ ಕಾರಣವಾಗುತ್ತದೆಯೇ ಹೊರತು ತೀರ್ಪುಗಾರನನ್ನು ಹೀಯಾಳಿಸುವುದಕ್ಕೆ ಅಲ್ಲ. ಗಣಿತದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಶಿಕ್ಷಕರೊಬ್ಬರು ತರಗತಿಯ ಮುಂದೆ ನಿಂತು ಮೌಲ್ಯಮಾಪಕನನ್ನು ಕಳ್ಳನೆಂದು ಬೈದರೆ ನಾವು ಒಪ್ಪುತ್ತೇವೆಯೇ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಎನ್ನುತ್ತೇವೆ. ಮೈದಾನವೂ ಶಾಲೆಯ ಒಂದು ತರಗತಿಯೇ. ಅಲ್ಲಿ ಬೇರೆ ನೀತಿ ಏಕೆ?

ಇಲ್ಲಿಯೇ ನಾವು ಮರೆತಿರುವ ಒಂದು ಕೊಂಡಿಯಿದೆ. ಕಾರ್ಡ್ ತೋರಿಸುವುದು ರೆಫರಿಯ ಕರ್ತವ್ಯದ ಅರ್ಧ ಭಾಗ ಮಾತ್ರ. ಪಂದ್ಯದ ಮುನ್ನ, ನಡುವೆ, ಅನಂತರ ನಡೆದ ಶಿಸ್ತಿನ ಪ್ರಕರಣಗಳನ್ನು ಸಂಬಂಧಪಟ್ಟವರಿಗೆ ವರದಿ ಮಾಡಬೇಕೆಂದು ನಿಯಮವೇ ವಿಧಿಸುತ್ತದೆ. ಆ ವರದಿಯನ್ನು ಓದಿ ಕ್ರಮ ಕೈಗೊಳ್ಳುವವರು ಇಲ್ಲದಿದ್ದರೆ ಕೆಂಪು ಕಾರ್ಡ್ ಬರೀ ಬಣ್ಣದ ರಟ್ಟಿನ ಚೂರು. ಇಂದು ಹೊರಗೆ ಹೋದ ಕೋಚ್ ನಾಳೆಯ ಪಂದ್ಯಕ್ಕೆ ಅದೇ ಬೆಂಚಿನಲ್ಲಿ ಕೂತರೆ, ಕಾರ್ಡ್ ತೋರಿಸಿದ ಹುಡುಗ ಎರಡನೆಯ ಸಲ ಆ ಧೈರ್ಯ ಮಾಡುವುದಿಲ್ಲ. ಗೆರೆಯ ಬಳಿ ರೆಫರಿ ಚಲಾಯಿಸುವ ಅಧಿಕಾರ ಅವನ ಸ್ವಂತದ್ದಲ್ಲ. ಸಂಘಟಕರಿಂದ ಎರವಲು ಪಡೆದದ್ದು. ಕೊಟ್ಟವರೇ ಹಿಂದೆ ಸರಿದರೆ ಅವನ ಬಳಿ ಉಳಿಯುವುದೇನು?

ಆದ್ದರಿಂದ ಶಾಲಾ ಟೂರ್ನಿಗಳನ್ನು ನಡೆಸುವವರು ಕೆಲವು ಸರಳ ಕ್ರಮಗಳನ್ನು ಕೈಗೊಳ್ಳಬಹುದು. ಸುಣ್ಣದ ಪುಡಿಯಲ್ಲಿ ನಾಲ್ಕು ಗೆರೆ ಎಳೆದು ಕೋಚ್ ನಿಲ್ಲುವ ಜಾಗವನ್ನು ಗುರುತಿಸುವುದು. ಪೋಷಕರನ್ನು ಎದುರು ಬದಿಗೆ ಕಳಿಸುವುದು. ಎಳೆಯ ರೆಫರಿಗಳಿರುವ ಕಡೆ ಹಿರಿಯ ರೆಫರಿಯೊಬ್ಬರನ್ನು ಬೆಂಚುಗಳ ನಡುವೆ ಕೂರಿಸುವುದು. ಕೆಂಪು ಕಾರ್ಡ್ ಪಡೆದ ಕೋಚ್ ಮುಂದಿನ ಪಂದ್ಯಕ್ಕೆ ಬರುವಂತಿಲ್ಲವೆಂದು ಟೂರ್ನಿಯ ನಿಯಮದಲ್ಲೇ ಬರೆಯುವುದು. ರೆಫರಿಯ ವರದಿಯ ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಳಿಸುವುದು. ರೆಫರಿಯ ಮೇಲೆ ದೂರಿದ್ದರೆ ಕೋಚ್ ಅದನ್ನು ಲಿಖಿತವಾಗಿ ಕೊಡಲಿ; ಅದನ್ನೂ ಅಷ್ಟೇ ಗಂಭೀರವಾಗಿ ಪರಿಶೀಲಿಸಲಿ. ಇವುಗಳಿಗೆ ದೊಡ್ಡ ಹಣ ಬೇಕಿಲ್ಲ, ಮನಸ್ಸು ಬೇಕು.

ಗೌತಮಪುರ, ಆಸ್ಟಿನ್ ಟೌನ್‌ನಂಥ ಬಡಾವಣೆಗಳ ಗಲ್ಲಿಗಳಲ್ಲಿ ಫುಟ್‌ಬಾಲನ್ನು ಉಸಿರಾಡಿದ ಊರು ನಮ್ಮದು. ಆಟಗಾರರನ್ನು ಬೆಳೆಸುವ ಬಗ್ಗೆ ನಮಗೆ ಹಂಬಲವಿದೆ. ಆದರೆ ರೆಫರಿಯಿಲ್ಲದೆ ಪಂದ್ಯವಿಲ್ಲ, ಮತ್ತು ಒಳ್ಳೆಯ ರೆಫರಿಗಳು ತಯಾರಾಗುವುದು ಇಂಥ ಸಣ್ಣ ಮೈದಾನಗಳಲ್ಲೇ, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ. ತಪ್ಪು ಪಾಸ್ ಕೊಟ್ಟ ಬಾಲಕನಿಗೆ ‘ಪರವಾಗಿಲ್ಲ, ಮತ್ತೆ ಆಡು’ ಎನ್ನುವ ನಾವು, ತಪ್ಪು ಸೀಟಿ ಊದಿದ ಹುಡುಗನಿಗೆ ಆ ಅವಕಾಶವನ್ನು ಕೊಡುವುದಿಲ್ಲ.

ಆ ಕಾಲೇಜು ಹುಡುಗನನ್ನು ಮರುವರ್ಷದ ಟೂರ್ನಿಯಲ್ಲಿ ನಾನು ಕಾಣಲಿಲ್ಲ. ವಿಚಾರಿಸಿದಾಗ, ‘ಅವನು ಬಿಟ್ಟುಬಿಟ್ಟ ಸರ್’ ಎಂದರು ಸಂಘಟಕರು. ಆಫ್‌ಸೈಡ್ ತೀರ್ಪು ತಪ್ಪಾಗಿದ್ದರೆ ನಮ್ಮ ತಂಡ ಕಳೆದುಕೊಂಡದ್ದು ಒಂದು ಗೋಲನ್ನು ಮಾತ್ರ. ನಾವು ಅವನಿಂದ ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು.