ತೋಳ ಬಂತು ತೋಳ

ವಾರಪತ್ರಿಕೆಯಲ್ಲಿ ಧಾರಾವಾಹಿ ಓದುವವರಿಗೆ ಕಾಯುವ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಕಿಯ ಕೈಗೆ ಅಪರಿಚಿತನ ಕಾಗದ ಬಂದ ಗಳಿಗೆಯಲ್ಲೇ ‘ಮುಂದಿನ ಸಂಚಿಕೆಗೆ’ ಎಂಬ ಅಕ್ಷರಗಳು ಅಡ್ಡ ಬರುತ್ತವೆ. ಮನೆಮಂದಿಯೆಲ್ಲ ಏಳು ದಿನ ಊಹಾಪೋಹದಲ್ಲಿ ಕಳೆಯುತ್ತಾರೆ. ಆ ಏಳು ದಿನ ಒಂಬತ್ತು ವರ್ಷಗಳಾದರೆ?

ಹೆಬ್ಬಾಳ ದಾಟಿ ಯಲಹಂಕದತ್ತ ಹೋಗುವ ದಾರಿಯ ಅಮೃತಹಳ್ಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಕೆರೆಯ ಊರಾಗಿದ್ದುದು ಈಗ ಮಹಡಿ ಮನೆಗಳ ಬಡಾವಣೆಯಾಗಿದೆ. ಅಲ್ಲಿಯ ಹುಡುಗ ಪಿ.ಯು.ಸಿ. ಓದುವಾಗ ಕಂಪ್ಯೂಟರಿನಲ್ಲಿ ಒಂದು ಆಟವನ್ನು ಆಡಿ ಮುಗಿಸಿದ. ಅದರ ಮುಂದಿನ ಭಾಗ ಬರುವ ಹೊತ್ತಿಗೆ ಅವನು ಡಿಗ್ರಿ ಪಡೆದು, ನೌಕರಿ ಹಿಡಿದು, ಮದುವೆಯಾಗಿ, ಒಂದು ಮಗುವಿನ ತಂದೆಯಾಗಿದ್ದ. “ಆಟ ತಾನೇನೋ ಅದು? ಅಷ್ಟು ವರ್ಷ ಹಿಡಿಯೋದಕ್ಕೆ ಅದೇನು ರಾಮಾಯಣವೆ?” ಎಂದು ಅಜ್ಜಿ ಕೇಳಿದರೆ ತಪ್ಪೇನಿಲ್ಲ.

ಆ ಆಟದ ಹೆಸರು ‘ಡ್ರ್ಯಾಗನ್ ಏಜ್’. ಅದನ್ನು ರೂಪಿಸಿದ್ದು ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ. 1995ರಲ್ಲಿ ಅದನ್ನು ಕಟ್ಟಿದವರು ವೈದ್ಯರು! ನಾಡಿ ಹಿಡಿಯುವುದನ್ನು ಕಲಿತವರು ರಾಕ್ಷಸರನ್ನೂ ರಾಜಕುಮಾರರನ್ನೂ ಸೃಷ್ಟಿಸಲು ಕುಳಿತುದು ಸೋಜಿಗವೇ ಸರಿ.

ಇದು ಚೆಂಡು-ದಾಂಡುಗಳ ಆಟವಲ್ಲ. ಪರದೆಯ ಮೇಲೆ ಒಂದು ಕಲ್ಪಿತ ಲೋಕ. ಅದರಲ್ಲಿ ಆಡುವವನೇ ಒಂದು ಪಾತ್ರ. ರಾಜನಿಗೆ ತಲೆಬಾಗಬೇಕೆ, ತಿರುಗಿ ಬೀಳಬೇಕೆ. ಶರಣು ಬಂದ ಶತ್ರುವನ್ನು ಉಳಿಸಬೇಕೆ, ಬೇಡವೆ—ಎಲ್ಲವೂ ಅವನದೇ ನಿರ್ಧಾರ. ಕಥೆ ಅದಕ್ಕೆ ತಕ್ಕಂತೆ ಹೊರಳುತ್ತದೆ. ಮೊದಲ ಭಾಗದಲ್ಲಿ ಮಾಡಿದ್ದು ಮೂರನೆಯ ಭಾಗದಲ್ಲಿ ಎದುರಿಗೆ ಬಂದು ನಿಲ್ಲುವುದೂ ಉಂಟು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತನ್ನು ಕೇಳುತ್ತ ಬೆಳೆದವರಿಗೆ ಇದು ಬೇಗನೆ ಅರ್ಥವಾದೀತು.

ಮೊದಲ ಭಾಗ 2009ರಲ್ಲಿ ಬಂದಿತು, ಜನ ಮೆಚ್ಚಿದರು. ಹದಿನಾರೇ ತಿಂಗಳಲ್ಲಿ ಎರಡನೆಯದೂ ಬಂದಿತು. ಅವಸರದ ಅಡುಗೆ, ಒಂದೇ ಗುಹೆಯನ್ನು ಹತ್ತು ಗುಹೆಗಳೆಂದು ತೋರಿಸಿದ್ದನ್ನು ಆಡುವವರು ಕ್ಷಮಿಸಲಿಲ್ಲ. 2014ರ ಮೂರನೆಯ ಭಾಗ ಕಳೆದ ಮಾನವನ್ನು ಮರಳಿ ತಂದಿತು. ಆ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯನ್ನೂ ಗಳಿಸಿತು. 2015ರ ಅನುಬಂಧದಲ್ಲಿ ಕಥೆ ಎಲ್ಲಿ ನಿಂತಿತು? ಜೊತೆಯಲ್ಲಿ ನಡೆದ ಸೋಲಾಸನೆಂಬ ಸ್ನೇಹಿತನೇ ಪುರಾಣದ ಭಯಂಕರ ತೋಳನೆಂದು ತಿಳಿಯುತ್ತದೆ. ತನ್ನ ಜನರ ಅಳಿದ ಲೋಕವನ್ನು ಮರಳಿ ಪಡೆಯಲು ಇದ್ದ ಲೋಕವನ್ನೇ ಕೆಡವುವೆನೆಂದು ಹೇಳಿ ಅವನು ಹೊರಟುಹೋಗುತ್ತಾನೆ. ಮುಂದಿನ ಸಂಚಿಕೆಗೆ!

ಮುಂದಿನ ಸಂಚಿಕೆ ಬರೆಯುವ ಕೆಲಸ ಆರಂಭವೇನೋ ಆಯಿತು. ‘ಜಾಪ್ಲಿನ್’ ಎಂಬ ಗುಪ್ತನಾಮದಲ್ಲಿ ಗೂಢಚಾರರ ಒಂದು ಅಚ್ಚುಕಟ್ಟಾದ ಕಥೆ ಸಿದ್ಧವಾಗುತ್ತಿತ್ತು. ಆದರೆ ಬಯೋವೇರ್ ಅಷ್ಟು ಹೊತ್ತಿಗೆ ಸ್ವತಂತ್ರವಾಗಿರಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪೆನಿ ಅದನ್ನು ಕೊಂಡು ಹತ್ತು ವರ್ಷಗಳಾಗುತ್ತ ಬಂದಿತ್ತು. ಪತ್ರಕರ್ತ ಜೇಸನ್ ಶ್ರಯರ್ 2019ರಲ್ಲಿ ಬರೆದಂತೆ, 2017ರ ಅಕ್ಟೋಬರಿನಲ್ಲಿ ಜಾಪ್ಲಿನ್ ರದ್ದಾಯಿತು. ಕೆಲಸಗಾರರಲ್ಲಿ ಬಹುಮಂದಿಯನ್ನು ‘ಆಂಥಮ್’ ಎಂಬ ಬೇರೊಂದು ಆಟದ ಕಡೆಗೆ ಎಳೆದರು. ಉಳಿದ ಕೆಲವರ ಪಾಲಿಗೆ ‘ಮಾರಿಸನ್’ ಎಂಬ ಹೊಸ ಯೋಜನೆ ಬಂದಿತು: ಒಬ್ಬನೇ ಕುಳಿತು ಓದುವ ಕಾದಂಬರಿಯಂತಿದ್ದ ಆಟವನ್ನು ಹಲವರು ಕೂಡಿ ವರ್ಷಗಟ್ಟಲೆ ಆಡುವ, ಆಗಾಗ ದುಡ್ಡು ತೆರುವ ಸಂತೆಯಾಗಿ ಮಾರ್ಪಡಿಸುವುದು.

2018ರ ಡಿಸೆಂಬರಿನಲ್ಲಿ ‘ತೋಳ ಬರುತ್ತಿದೆ’ ಎಂದು ಒಂದು ತುಣುಕು ಚಿತ್ರ ತೋರಿಸಿದರು. ತೋಳ ಬರಲಿಲ್ಲ. 2019ರಲ್ಲಿ ಆಂಥಮ್ ಬಂದು ಸೋತಿತು. 2020ರಲ್ಲಿ ತೋಳದ ಹೆಸರಿನಲ್ಲಿ ಮತ್ತೊಂದು ಚಿತ್ರ. ಅದೇ ತಿಂಗಳು ಯೋಜನೆಯ ಹಿರಿಯ ಮಾರ್ಕ್ ಡಾರಾ ರಾಜೀನಾಮೆ ಕೊಟ್ಟರು. 2021ರಲ್ಲಿ ಸಂತೆಯ ವಿಚಾರವನ್ನು ಕೈಬಿಟ್ಟು, ಒಬ್ಬನೇ ಆಡುವ ಕಥೆಯಾಗಲೆಂದು ಮತ್ತೆ ಅಪ್ಪಣೆಯಾಯಿತು. ಮನೆ ಕಟ್ಟಿಸಿದವರಿಗೆ ಇದರ ಸಂಕಟ ತಿಳಿದೀತು. ಛತ್ರಕ್ಕೆಂದು ಪಾಯ ಹಾಕಿಸಿ, ಗೋಡೆ ಎದ್ದ ಮೇಲೆ “ಇಲ್ಲ, ಸಂಸಾರ ಇರುವ ಮನೆಯೇ ಬೇಕು” ಎಂದರೆ ಮೇಸ್ತ್ರಿ ಏನು ಮಾಡಬೇಕು?

ಈ ಸಂಸ್ಥೆಯಲ್ಲಿ ‘ಬಯೋವೇರ್ ಮಾಂತ್ರಿಕತೆ’ ಎಂಬ ಒಂದು ನಂಬಿಕೆಯೂ ಇದ್ದಿತಂತೆ. ಎಷ್ಟೇ ಗೊಂದಲವಿರಲಿ, ಕಡೆಯ ತಿಂಗಳುಗಳಲ್ಲಿ ಎಲ್ಲವೂ ತಾನಾಗಿ ಕೂಡಿ ಬರುತ್ತದೆಂಬ ಭರವಸೆ. ಮದುವೆ ಮನೆಯಲ್ಲಿ ಹಿರಿಯರು ಹೀಗೆಯೇ ಸಮಾಧಾನ ಹೇಳುವುದುಂಟು. ಧಾರೆಯ ಹೊತ್ತಿಗೆ ಎಲ್ಲವೂ ಸರಿಹೋಗುವುದೂ ನಿಜ. ಆದರೆ ಆ ರಾತ್ರಿ ಅಡುಗೆಯವರು ಮಲಗಿರುವುದಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2022ರಲ್ಲಿ ಆಟಕ್ಕೆ ‘ಡ್ರೆಡ್‌ವುಲ್ಫ್’ ಎಂದು, ಅಂದರೆ ಆ ತೋಳದ ಹೆಸರನ್ನೇ ಇಟ್ಟರು. 2023ರ ಆಗಸ್ಟಿನಲ್ಲಿ ಸುಮಾರು 50 ಮಂದಿಯನ್ನು ಕೆಲಸದಿಂದ ತೆಗೆದರು. ಅವರಲ್ಲಿ ಮೇರಿ ಕರ್ಬಿ ಒಬ್ಬರು. ಎರಡನೆಯ ಭಾಗದಿಂದ ಎಲ್ಲರ ಅಚ್ಚುಮೆಚ್ಚಾಗಿದ್ದ ವ್ಯಾರಿಕ್ ಎಂಬ ಕುಳ್ಳ ಕಥೆಗಾರನ ಮಾತುಗಳನ್ನು ಬರೆದಾಕೆ. ಕಥೆಗಾರ ಆಟದಲ್ಲಿ ಉಳಿದ. ಅವನಿಗೆ ಬಾಯಿ ಕೊಟ್ಟಾಕೆ ಹೊರಗೆ ಹೋದಳು. 2024ರ ಜೂನಿನಲ್ಲಿ ಹೆಸರಿನಿಂದ ತೋಳವೂ ಹೋಯಿತು. ‘ವೇಲ್‌ಗಾರ್ಡ್’ ಎಂಬ ಹೊಸ ಹೆಸರಿನಲ್ಲಿ ಅಕ್ಟೋಬರ್ 31ರಂದು ಆಟ ಕಡೆಗೂ ಬಂದಿತು.

ಕೆಟ್ಟ ಆಟವೆನ್ನಲಾಗದು, ಹೊಗಳಿದ ವಿಮರ್ಶಕರು ಅನೇಕರು. ಆದರೆ ಮೂರು ಭಾಗಗಳಲ್ಲಿ ಆಡುವವರು ಮಾಡಿದ ನೂರಾರು ನಿರ್ಧಾರಗಳಲ್ಲಿ ಹೊಸ ಆಟ ವಿಚಾರಿಸಿದ್ದು ಮೂರನ್ನು ಮಾತ್ರ. ಯಾರನ್ನು ಪಟ್ಟಕ್ಕೇರಿಸಿದೆ, ಯಾರನ್ನು ಕಳೆದುಕೊಂಡೆ ಎಂಬುದೊಂದೂ ಬೇಡವಾಯಿತು. ಹದಿನೈದು ವರ್ಷದ ನೆಂಟಸ್ತಿಕೆಯನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸಿದಂತೆ. ಆ ಮೂರು ತಿಂಗಳಲ್ಲಿ ಆಡಿದವರು ಸುಮಾರು 15 ಲಕ್ಷ. ಕಂಪೆನಿಯ ನಿರೀಕ್ಷೆಯ ಅರ್ಧದಷ್ಟು. 2025ರ ಜನವರಿ ಕಳೆಯುವಷ್ಟರಲ್ಲಿ ಬಯೋವೇರಿನಲ್ಲಿ ಉಳಿದವರು ನೂರಕ್ಕಿಂತ ಕಡಿಮೆ ಎಂದು ವರದಿಯಾಯಿತು.

ಎಡ್ಮಂಟನ್ನಿನ ದುಃಖ ಬೆಂಗಳೂರಿಗೇಕೆ ಎನ್ನುವಂತಿಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಸ್ಥಾಪಿಸಿದಂದಿನಿಂದ ಈ ಊರಿನ ಹುಡುಗ ಹುಡುಗಿಯರು ಪರದೇಶದ ಆಟಗಳಿಗೆ ಮರ, ಕತ್ತಿ, ವಾಹನ, ಕೋಟೆಗಳನ್ನು ರೂಪಿಸಿಕೊಟ್ಟಿದ್ದಾರೆ. ಪರದೇಶದ ತೀರ್ಮಾನ ಇಲ್ಲಿಯ ಅನ್ನವನ್ನು ತಟ್ಟುತ್ತದೆ. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಸಿನಿಮಾಗಳಿಗೂ ಆಟಗಳಿಗೂ ಚಿತ್ರ ರಚಿಸುತ್ತಿದ್ದ ಸಾವಿರಾರು ಮಂದಿಯ ಕೆಲಸ ಹೋಯಿತು. ಮನೆಯ ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಬಯೋವೇರಿನಲ್ಲಿ ಉಳಿದವರು ‘ಮಾಸ್ ಎಫೆಕ್ಟ್’ ಎಂಬ ತಮ್ಮ ಇನ್ನೊಂದು ಹಳೆಯ ಕಥೆಯ ಮುಂದಿನ ಭಾಗವನ್ನು ಕೈಗೆತ್ತಿಕೊಂಡರು. ಅದು ಬರುತ್ತದೆಂದು ಸಂಸ್ಥೆ ಸಾರಿದ್ದು 2020ರಲ್ಲಿ.