ಸಿಮೆಂಟಿನ ಮರ ಬ್ಯಾಡ್ರಿ (ಭಾಗ 4)

ಪಾರ್ಕಿನ್ಯಾಗ ಸಿಮೆಂಟಿನ ದಿಮ್ಮಿ ಬೆಂಚ್ ನೋಡಿರಬೇಕಲ್ಲ? ತೊಗಟೆ ಗೀರು, ಕಂದು ಬಣ್ಣ, ಮರದ ಗಂಟು ಸೈತ ಇರ್ತಾವ. ನನ್ನ ಸಿಟ್ಟು ಅಲ್ಲಿಂದ ಶುರು.

ಈ ಸೆಮಿಸ್ಟರ್ ನಮ್ಮ ಸ್ಟುಡಿಯೋ ಕೆಲಸ: ಜಮಖಂಡಿಯ ರಾಮತೀರ್ಥದಲ್ಲಿ, ಪಟವರ್ಧನರ ಅರಮನೆ ಹತ್ತಿರ, ಹತ್ತು ಜನ ಕೂಡುವಷ್ಟು ಕಟ್ಟಿಗೆಯ ಓದುವ ಕೋಣೆ. ಕ್ಲಾಸಿನ ಅರ್ಧಕ್ಕರ್ಧ ಡ್ರಾಯಿಂಗ್‌ನಲ್ಲಿ ಕಮಾನು, ಕಮಲ, ಪಿಒಪಿ ಕೆತ್ತನೆ. ಯಾಕಂದ್ರ 'ಹೆರಿಟೇಜಿಗೆ ಮ್ಯಾಚ್ ಆಗಬೇಕಲ್ಲ' ಅಂತಾರ. ಅರಮನೆ ಏನು ಇಳಕಲ್ ಸೀರೆನಾ, ನಿಮ್ಮ ಕೋಣೆ ಅದಕ್ಕೆ ಮ್ಯಾಚಿಂಗ್ ಖಣನಾ? 1964ರ ವೆನಿಸ್ ಸನ್ನದು ಹೇಳೋದೇ ಬೇರೆ. ಹಳೆಯದಕ್ಕೆ ಅನಿವಾರ್ಯವಾಗಿ ಹೊಸದು ಸೇರಿಸಿದ್ರ ಅದು ಬೇರೆಯಾಗೇ ಕಾಣಬೇಕು, ಈ ಕಾಲದ ಗುರುತು ಇರಬೇಕು.

'ಹಂಗಾದ್ರ ಐಹೊಳೆಯ ಲಾಡ್‌ಖಾನ್ ಗುಡಿ? ಅದೂ ಮರದ ನಕಲೇ ಅಲ್ಲೇನು?' ಅಂತ ದೋಸ್ತ ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಅಲ್ಲಿ ಚಾವಣಿ ಮ್ಯಾಲ ಉದ್ದಕ್ಕ ಕಲ್ಲಿನ ಪಟ್ಟಿ ಅದಾವ, ಥೇಟ್ ಮರದ ದಿಮ್ಮಿ ಹಂಗ. ಆದ್ರ ಅವು ಎರಡು ಹಾಸುಗಲ್ಲಿನ ನಡುವಿನ ಸಂದು ಮುಚ್ಚಿ ಮಳೆನೀರು ತಡೀತಾವ. ಆ ಪಟ್ಟಿಗೆ ಕೆಲಸ ಐತಿ. ಸಿಮೆಂಟ್ ಬೆಂಚಿನ ಗಂಟಿಗೆ ಏನು ಕೆಲಸ ಐತಿ ಹೇಳ್ರಿ?

ನನ್ನ ಹಟ ಒಂದೇ: ಹಳೆ ಜಾಗದಾಗ ಕಟ್ಟಿದ್ದನ್ನ ನಾಳೆ ಬಿಚ್ಚಾಕ ಬರಬೇಕು. ಬೀಳಗಿ, ಜಮಖಂಡಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರನ್ನ ಕೇಳಿ ನೋಡ್ರಿ. ಮಣ್ಣಿನ ಗೋಡೆ ಅಲ್ಲೇ ಕರಗಿತು. ತೊಲೆ, ಕಂಬ, ಬಾಗಿಲು ಜೋಡಿಯಾಗಿ ಬಂದ್ವು. ಸ್ಲ್ಯಾಬ್ ಯಾರು ಹೊತ್ಕೊಂಡು ಬಂದಾರ?

ಅದಕ್ಕ ನನ್ನ ಕೋಣೆಗೆ ಹಳೆ ಮಾಳಿಗೆ ಮನಿ ಕೆಡವಿದಾಗ ಸಿಗೋ ತೊಲೆಗಳೇ ಸಾಕು. ಇವತ್ತು ಅವು ಒಲಿಗೆ ಹೋಗ್ತಾವ, ಇಲ್ಲಾ ರೆಸಾರ್ಟಿಗೆ. ಜೋಡಣೆ ಬೋಲ್ಟಿನದು, ಬಿಚ್ಚಿದ್ರ ಬಿಚ್ಚಬೇಕು. ಕಂಬ ನೆಲದಾಗ ಹುಗಿಯೋದಿಲ್ಲ, ಪಾದಗಲ್ಲಿನ ಮ್ಯಾಲ ನಿಂತಿರ್ತಾವ. ಗೆದ್ದಲು ಏರಿದ್ರ ಕಣ್ಣಿಗೆ ಬೀಳತೈತಿ. ಸಂಜಿ ಬಿಸಿಲಿಗೆ ಕಟ್ಟಿಗೆ ಸೀಳತೈತಿ, ಅದಕ್ಕ ಪಡುವಣಕ್ಕ ಸೂರು ಮೂರು ಅಡಿ ಮುಂದ. ಅರಮನೆ ನೋಟಕ್ಕ ಅಡ್ಡ ಬರದಷ್ಟು ಗಿಡ್ಡ. ಕಮಾನು ಒಂದೂ ಇಲ್ಲ.

ಕಿರಿಕಿರಿ ಇಲ್ಲಂತ ಹೇಳೋದಿಲ್ಲ. ಹಳೆ ತೊಲೆ ಒಂದೊಂದೂ ಒಂದೊಂದು ಉದ್ದ, ಒಂದೊಂದು ಸೊಟ್ಟ. ಡ್ರಾಯಿಂಗ್ ಮೂರು ಸಲ ಹರಿದು ಹಾಕೇನಿ. ಮೊದಲು ಕಟ್ಟಿಗೆ ಅಳತಿ ತಗೋ, ಆಮ್ಯಾಲ ಪೆನ್ಸಿಲ್ ಹಿಡಿ ಅಂತ ಬಡಿಗ್ಯಾರ ಕಾಕಾ ಮೊದಲೇ ಹೇಳಿದ್ರು, ನಾನೇ ಕೇಳಲಿಲ್ಲ.

ನಿಮ್ಮ ಓಣ್ಯಾಗ ಯಾರರೆ ಹಳೆ ಮನಿ ಕೆಡವಾಕತ್ತಿದ್ರ, ಒಂದು ಟೇಪ್ ತಗೊಂಡು ಹೋಗ್ರಿ. ತೊಲೆಯ ಉದ್ದ, ದಪ್ಪ, ಸಾಗವಾನಿಯೋ ಜಾಲಿಯೋ ಬೇವೋ, ಕಮೆಂಟಿನ್ಯಾಗ ಹಾಕ್ರಿ. ಭಾಗ 5ರಾಗ ಬೋದಿಗೆ ಬಗ್ಗೆ ಜಗಳ ತಗೀತೀನಿ.