ಮೊಬೈಲಿನ ಮೆಮೊರಿ ಕಾರ್ಡ್: ವರ್ತಕರು ಬಿಟ್ಟುಕೊಡಬಾರದ ಸೌಲಭ್ಯ

ವ್ಯಾಪಾರದ ಲೆಕ್ಕಪತ್ರಗಳು ಇಂದು ಗಲ್ಲಾಪೆಟ್ಟಿಗೆಯ ಪಕ್ಕದ ಖಾತೆ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯ ಚೀಟಿ, ಇಳಕಲ್ಲಿನ ಸೀರೆಯ ಸೆರಗಿನ ಮಾದರಿ, ಪೀಣ್ಯದ ಸಣ್ಣ ಕಾರ್ಖಾನೆಗೆ ಬಂದ ಬಿಡಿಭಾಗದ ನಕ್ಷೆ, ಲಾರಿಯಲ್ಲಿ ಹೋದ ಸರಕಿನ ಡೆಲಿವರಿ ಚಲನ್ ಮುಂತಾದವು ಮೊದಲು ಸೇರುವುದು ಮಾಲೀಕರ ಅಥವಾ ಗುಮಾಸ್ತರ ಮೊಬೈಲಿಗೆ. ಆದರೂ ಮೊಬೈಲ್ ಕೊಳ್ಳುವಾಗ ನಾವು ಕ್ಯಾಮೆರಾ, ಪರದೆ, ಬೆಲೆಗಳನ್ನು ವಿಚಾರಿಸುತ್ತೇವೆಯೇ ಹೊರತು, ಮೆಮೊರಿ ಕಾರ್ಡ್ ಹಾಕಲು ಸ್ಥಳವಿದೆಯೇ ಎಂದು ಕೇಳುವವರು ವಿರಳ. ವ್ಯವಹಾರದ ದೃಷ್ಟಿಯಿಂದ ಇದು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲೊಂದು ಎಂಬುದು ನಮ್ಮ ಅಭಿಪ್ರಾಯ.

ಎಸ್‌ಡಿ ಕಾರ್ಡ್ ಎಂಬ ಮಾನಕವನ್ನು 1999ರಲ್ಲಿ ಮತ್ಸುಷಿತಾ, ಸ್ಯಾನ್‌ಡಿಸ್ಕ್ ಮತ್ತು ತೊಷಿಬಾ ಕಂಪನಿಗಳು ಜಂಟಿಯಾಗಿ ರೂಪಿಸಿದವು. ಅದರ ಉಗುರಿನಗಲದ ರೂಪವಾದ ಮೈಕ್ರೊ ಎಸ್‌ಡಿ 2005ರಲ್ಲಿ ಬಂದು ಫೋನುಗಳಲ್ಲಿ ನೆಲೆಯೂರಿತು. 2007ರಲ್ಲಿ ಬಂದ ಐಫೋನ್ ಈ ಸೌಲಭ್ಯವಿಲ್ಲದೆಯೇ ಮಾರುಕಟ್ಟೆಗೆ ಇಳಿಯಿತು. ಸ್ಯಾಮ್‌ಸಂಗ್ ಕಂಪನಿಯು 2015ರ ಗ್ಯಾಲಕ್ಸಿ ಎಸ್6ರಲ್ಲಿ ಕಾರ್ಡ್ ಸ್ಲಾಟನ್ನು ತೆಗೆದುಹಾಕಿತು. ಗ್ರಾಹಕರ ಅಸಮಾಧಾನ ವ್ಯಕ್ತವಾದ ಬಳಿಕ 2016ರ ಎಸ್7ರಲ್ಲಿ ಮರಳಿ ನೀಡಿತು. 2021ರ ಎಸ್21ರಲ್ಲಿ ಪುನಃ ಕೈಬಿಟ್ಟಿತು. ಕೊಳ್ಳುವವರು ಕೇಳಿದರೆ ತಯಾರಕರು ಕೊಡುತ್ತಾರೆ, ಸುಮ್ಮನಿದ್ದರೆ ತೆಗೆಯುತ್ತಾರೆ ಎಂಬ ವ್ಯಾಪಾರದ ಹಳೆಯ ನೀತಿಯೇ ಇಲ್ಲಿಯೂ ಕಾಣುತ್ತದೆ.

ಈ ವಿಷಯ ವರ್ತಕರಿಗೆ ಏಕೆ ಮುಖ್ಯ? ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಆರ್ಥಿಕ ವರ್ಷದ ಆರಂಭದ ಬಿಲ್ಲಾದರೆ ಇದು ಏಳು ವರ್ಷಗಳನ್ನೂ ಮೀರುತ್ತದೆ. ವಿದ್ಯುನ್ಮಾನ ರೂಪದ ದಾಖಲೆಗಳು ಅಪಘಾತದಲ್ಲಿ ನಾಶವಾದರೂ ಯುಕ್ತ ಕಾಲಾವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿಯನ್ನು ಇಟ್ಟಿರಬೇಕೆಂದು ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮ ವಿಧಿಸುತ್ತದೆ. ಕಾನೂನು ಇಷ್ಟು ದೀರ್ಘಕಾಲ ನೆನಪಿಡುವಾಗ, ನಮ್ಮ ಕೈಯ ಫೋನು ಅಷ್ಟು ವರ್ಷ ಬಾಳುವುದು ಅಪರೂಪ.

2025ರ ಜುಲೈನಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವರ್ತಕರಿಗೆ ನೀಡಿದ ನೋಟಿಸುಗಳು 2021-22ರಷ್ಟು ಹಿಂದಿನ ವಹಿವಾಟಿಗೂ ಸಂಬಂಧಿಸಿದ್ದವು. ಬಂದ ಹಣದಲ್ಲಿ ಹಾಲು, ತರಕಾರಿಯಂತಹ ತೆರಿಗೆ ವಿನಾಯಿತಿಯ ಸರಕಿನದೆಷ್ಟು, ಸ್ವಂತ ವ್ಯವಹಾರದ್ದೆಷ್ಟು ಎಂದು ತೋರಿಸಲು ಬೇಕಾದುದು ಹಳೆಯ ಖರೀದಿ ಚೀಟಿಗಳು. ಹಣ ಬಂದ ಲೆಕ್ಕ ಬ್ಯಾಂಕಿನಲ್ಲಿ ಸಿಗುತ್ತದೆ. ಅದು ಯಾವುದರ ಹಣ ಎಂಬ ವಿವರ ವರ್ತಕನ ಬಳಿಯಲ್ಲೇ ಇರಬೇಕು.

ಸಣ್ಣದೊಂದು ಲೆಕ್ಕ ಹಾಕೋಣ. ದಿನಕ್ಕೆ 40 ಬಿಲ್ಲು, ಚಲನ್‌ಗಳ ಚಿತ್ರ ತೆಗೆಯುವ ಅಂಗಡಿಯಲ್ಲಿ ಒಂದು ಚಿತ್ರಕ್ಕೆ 3 ಎಂಬಿ ಎಂದು ಹಿಡಿದರೆ, 300 ಕೆಲಸದ ದಿನಗಳಿಗೆ 36 ಜಿಬಿ ಆಗುತ್ತದೆ. ಏಳು ವರ್ಷಕ್ಕೆ 252 ಜಿಬಿ. ಗೂಗಲ್ ಖಾತೆಯ ಉಚಿತ 15 ಜಿಬಿ ಐದು ತಿಂಗಳಿಗೆ ತುಂಬಿಹೋಗುತ್ತದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹವು 2021ರ ಜೂನ್ 1ರಿಂದ ಹೊಸ ಚಿತ್ರಗಳಿಗೆ ನಿಂತುಹೋಯಿತು. ಹೆಚ್ಚಿನ ಸ್ಥಳಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಯಾವ ವರ್ತಕನೂ ಏಳು ವರ್ಷದ ಸರಕಿಗೆ ಬೇಕಾದ ಗೋದಾಮನ್ನು ಮೊದಲ ದಿನವೇ ಕಟ್ಟುವುದಿಲ್ಲ. ವ್ಯಾಪಾರ ಬೆಳೆದಂತೆ ವಿಸ್ತರಿಸುತ್ತಾನೆ. ಕಾರ್ಡ್ ಸ್ಲಾಟ್ ಇರುವ ಫೋನು ನೀಡುವುದು ಇದೇ ಅನುಕೂಲವನ್ನು. ಅದಿಲ್ಲದ ಫೋನಿನಲ್ಲಿ ಕೊಳ್ಳುವ ದಿನವೇ ಹೆಚ್ಚು ಸಂಗ್ರಹದ ಮಾದರಿಗೆ ಹೆಚ್ಚಿನ ಹಣ ತೆರಬೇಕು, ಇಲ್ಲವೇ ಸ್ಥಳ ತುಂಬಿದಾಗ ಹಳೆಯದನ್ನು ಅಳಿಸಬೇಕು.

ಎರಡನೆಯ ಪ್ರಯೋಜನ ಇನ್ನೂ ದೊಡ್ಡದು. ಫೋನು ಬಿದ್ದು ಒಡೆದರೆ, ನೀರಿಗೆ ಬಿದ್ದು ಸತ್ತರೆ, ಒಳಗಿನ ಸಂಗ್ರಹವನ್ನು ಮರಳಿ ಪಡೆಯುವುದು ಕಷ್ಟ. ಬಹಳಷ್ಟು ಸಲ ಅಸಾಧ್ಯ. ಕಾರ್ಡನ್ನಾದರೋ ತೆಗೆದು ಬೇರೆ ಫೋನಿಗೆ ಹಾಕಿದರೆ ಅಂದೇ ಕೆಲಸ ಮುಂದುವರಿಯಬಹುದು. ದುರಸ್ತಿಗೆ ಕೊಡುವಾಗಲೂ ಕಾರ್ಡನ್ನು ತೆಗೆದಿಟ್ಟುಕೊಂಡರೆ ಗ್ರಾಹಕರ ಬಾಕಿ ಪಟ್ಟಿ ಪರರ ಕೈಗೆ ಹೋಗುವುದಿಲ್ಲ.

ಕಾರ್ಡು ನಿಧಾನ ಎಂಬುದು ತಯಾರಕರ ವಾದ. ಅದರಲ್ಲಿ ಸತ್ಯವಿದೆ. ಫೋನುಗಳಲ್ಲಿ ಬಳಕೆಯಲ್ಲಿರುವ ಯುಹೆಚ್‌ಎಸ್-1 ಕಾರ್ಡುಗಳ ವೇಗದ ಮಿತಿ ಸೆಕೆಂಡಿಗೆ 104 ಎಂಬಿ. ಒಳಗಿನ ಸಂಗ್ರಹದ ವೇಗ ಇದಕ್ಕಿಂತ ಬಹಳ ಹೆಚ್ಚು. ಆದರೆ ಬಿಲ್ಲಿನ ಚಿತ್ರ ತೆರೆಯಲು ಆ ವೇಗ ಧಾರಾಳವಾಯಿತು. ನೀರು ಒಳಹೋಗುತ್ತದೆ ಎಂಬ ವಾದಕ್ಕೆ, ಐಪಿ68 ದರ್ಜೆಯ ಜಲನಿರೋಧಕ ಗುಣವನ್ನೂ ಕಾರ್ಡ್ ಸ್ಲಾಟನ್ನೂ ಒಟ್ಟಿಗೆ ಹೊಂದಿದ್ದ ಎಸ್7 ಫೋನೇ ಉತ್ತರ.

ಹಾಗೆಂದ ಮಾತ್ರಕ್ಕೆ ಕಾರ್ಡು ತಿಜೋರಿಯೆಂದು ಭಾವಿಸುವುದು ಸಲ್ಲದು. ಕಾರ್ಡುಗಳೂ ಕೆಡುತ್ತವೆ, ಕಳೆಯುತ್ತವೆ. ಆದುದರಿಂದ ಸದಸ್ಯರು ಈ ಕೆಳಗಿನ ಎಚ್ಚರಗಳನ್ನು ಪಾಲಿಸುವುದು ಒಳಿತು. ಕಡಿಮೆ ಸಾಮರ್ಥ್ಯದ ಕಾರ್ಡಿಗೆ ಹೆಚ್ಚಿನ ಸಾಮರ್ಥ್ಯದ ಮುದ್ರೆ ಒತ್ತಿದ ನಕಲಿ ಸರಕು ಮಾರುಕಟ್ಟೆಯಲ್ಲಿದೆ. ಬಿಲ್ಲು ಪಡೆದೇ ಕೊಳ್ಳಬೇಕು, ಒಮ್ಮೆ ಪೂರ್ತಿ ತುಂಬಿಸಿ ಎಲ್ಲವೂ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಕಾರ್ಡನ್ನು ಫೋನಿನ ಒಳಸಂಗ್ರಹದೊಂದಿಗೆ ಬೆಸೆಯುವ, 2015ರ ಆಂಡ್ರಾಯ್ಡ್ 6ರಲ್ಲಿ ಬಂದ ಆಯ್ಕೆಯನ್ನು ಒಪ್ಪಬಾರದು. ಹಾಗೆ ಬೆಸೆದ ಕಾರ್ಡು ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಬೆಸೆಯದ ಕಾರ್ಡನ್ನು ಯಾರು ಬೇಕಾದರೂ ಓದಬಹುದಾದ್ದರಿಂದ ಪಾಸ್‌ವರ್ಡು, ಬ್ಯಾಂಕ್ ವಿವರಗಳನ್ನು ಅದರಲ್ಲಿ ಇಡಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದ ಬಿಲ್ಲುಗಳು ಒಳಸಂಗ್ರಹದಲ್ಲೇ ಉಳಿಯುವುದರಿಂದ ವಾರಕ್ಕೊಮ್ಮೆ ಕಾರ್ಡಿಗೆ ನಕಲಿಸಬೇಕು. ತಿಂಗಳಿಗೊಮ್ಮೆ ಕಾರ್ಡಿನಲ್ಲಿರುವುದನ್ನು ಕಚೇರಿಯ ಕಂಪ್ಯೂಟರಿಗೂ ಇಳಿಸಿಡಬೇಕು. ಎರಡು ಸಿಮ್ ಬಳಸುವವರು, ಕಾರ್ಡಿಗೆ ಪ್ರತ್ಯೇಕ ಸ್ಥಳವಿದೆಯೇ ಅಥವಾ ಎರಡನೆಯ ಸಿಮ್ಮಿನ ಸ್ಥಳವನ್ನೇ ಬಿಟ್ಟುಕೊಡಬೇಕೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಮೊಬೈಲ್ ಮಾರುವ ನಮ್ಮ ಸದಸ್ಯ ವರ್ತಕರಿಗೂ ಒಂದು ವಿನಂತಿ: ವ್ಯವಹಾರಕ್ಕೆಂದು ಫೋನು ಕೇಳುವ ಗ್ರಾಹಕರಿಗೆ ಕಾರ್ಡ್ ಸ್ಲಾಟ್ ಇರುವ ಮಾದರಿಗಳನ್ನು ಮೊದಲು ತೋರಿಸಿರಿ, ಅವುಗಳಿಗೆ ಬೇಡಿಕೆಯಿದ್ದರೆ ವಿತರಕರ ಮೂಲಕ ಕಂಪನಿಗಳಿಗೆ ತಿಳಿಸಿರಿ. ವಾಣಿಜ್ಯ ಸಂಸ್ಥೆಗಳೂ ಸಗಟಾಗಿ ಫೋನು ಕೊಳ್ಳುವ ಸದಸ್ಯರ ಪರವಾಗಿ ತಯಾರಕರ ಮುಂದೆ ಈ ಬೇಡಿಕೆಯನ್ನಿಡಬಹುದು. ಒಬ್ಬೊಬ್ಬರ ಮಾತಿಗಿಂತ ಸಂಘಟಿತ ಕೊಳ್ಳುಗರ ಮಾತಿಗೆ ತೂಕ ಹೆಚ್ಚೆಂಬುದನ್ನು ವರ್ತಕ ಬಂಧುಗಳಿಗೆ ಹೇಳಬೇಕಾಗಿಲ್ಲ. ಫೋನು ಹಳತಾಗುತ್ತದೆ, ಬದಲಾಗುತ್ತದೆ. ಅದರೊಂದಿಗೆ ಲೆಕ್ಕವೂ ಹೋಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.